ಅವರಿಗೆ ಫೆಲುದಾ, ನಮಗೆ ಬರೀ ಪುರುಷೋತ್ತಮ

ನಾನಿರುವುದು ಕೋಲ್ಕತ್ತಾದ ಜಾದವ್‌ಪುರದಲ್ಲಿ, ಒಂದು ಹಳೇ ಮನೆಯ ಮಹಡಿ ಮೇಲೆ. ಕೆಳಗಡೆ ಓನರ್ ಮನೆ. ಅವರ ಮಗಳು ಒಂಬತ್ತನೇ ಕ್ಲಾಸು, ಪತ್ತೇದಾರಿ ಕಥೆಗಳ ಹುಚ್ಚಿ. ಹೊಸ ಪುಸ್ತಕ ಕೈಗೆ ಬಂದರೆ ಮೊದಲು ಕೊನೆಯ ಅಧ್ಯಾಯ ಎಲ್ಲಿ ಶುರುವಾಗುತ್ತದೆ ಅಂತ ಹುಡುಕುತ್ತಾಳೆ. ಅಲ್ಲಿಂದ ಮುಂದಿನ ಹಾಳೆಗಳನ್ನೆಲ್ಲ ಸೇರಿಸಿ ಒಂದು ರಬ್ಬರ್ ಬ್ಯಾಂಡ್ ಹಾಕುತ್ತಾಳೆ. ಆಮೇಲೆ ಓದು. ರಬ್ಬರ್ ಬ್ಯಾಂಡಿನವರೆಗೆ ಬಂದು ನಿಂತಾಗ ಚೀಟಿಯಲ್ಲಿ ಕೊಲೆಗಾರನ ಹೆಸರು, ಕಾರಣ ಎರಡನ್ನೂ ಬರೆದು ಮಡಚಿ ನನ್ನ ಕೈಗೆ ಕೊಡುತ್ತಾಳೆ. ಹೆಸರು ಸರಿಯಾಗಿದ್ದು ಕಾರಣ ತಪ್ಪಾದರೆ ಅರ್ಧ ಮಾರ್ಕು. ಸೋತರೆ ಪುಚ್ಕಾ ಕೊಡಿಸಬೇಕು. (ನಮ್ಮ ಪಾನಿಪುರಿಯೇ. ಆದರೆ ಇಲ್ಲಿಯವರ ಎದುರು ಹಾಗನ್ನಬೇಡಿ.)

ನನಗೂ ಅದೇ ಹುಚ್ಚು. ವಯಸ್ಸು 26, ಊರು ತಿಪಟೂರು. ಅಗಾಥಾ ಕ್ರಿಸ್ಟಿಯ 66 ಪತ್ತೇದಾರಿ ಕಾದಂಬರಿಗಳಲ್ಲಿ 41 ಮುಗಿಸಿದ್ದೇನೆ. ಉಳಿದದ್ದನ್ನು ಬೇಕಂತಲೇ ನಿಧಾನ ಮಾಡುತ್ತಿದ್ದೇನೆ, ಎಲ್ಲ ಮುಗಿದುಹೋದರೆ ಆಮೇಲೇನು ಅಂತ ಭಯ.

ಬಂದ ಹೊಸದರಲ್ಲಿ ಕಾಕಿಮಾ ಒಂದು ಭಾನುವಾರ ಊಟಕ್ಕೆ ಕರೆದರು. ಕಾಕಿಮಾ ಅಂದರೆ ಚಿಕ್ಕಮ್ಮ, ಓನರ್ ಆಂಟಿಯನ್ನು ಹಾಗೇ ಕರೆಯುತ್ತೇನೆ. ಲುಚಿ ಬಡಿಸುತ್ತಾ ಮೊದಲು ಕೇಳಿದ್ದು ಸಂಬಳವನ್ನಲ್ಲ, ಮದುವೆಯನ್ನಲ್ಲ. "ನಿನಗೆ ಫೆಲುದಾ ಇಷ್ಟವೋ, ಬ್ಯೋಮಕೇಶನೋ?" ಮನೆಯವರೆಲ್ಲ ಊಟ ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಕ್ರಿಸ್ಟಿಯ ಪತ್ತೇದಾರ ಪ್ವಾರೋ ಅಂದೆ. ಅದು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಅಂತ ಹುಡುಗಿ ಖಡಾಖಂಡಿತವಾಗಿ ಹೇಳಿದಳು.

ಫೆಲುದಾ ಸತ್ಯಜಿತ್ ರೇ ಸೃಷ್ಟಿಸಿದ ಪತ್ತೇದಾರ. ಪೂರ್ತಿ ಹೆಸರು ಪ್ರದೋಷ್ ಚಂದ್ರ ಮಿತ್ರ. ಮನೆಯಲ್ಲಿ ಕರೆಯುವ ಹೆಸರು ಫೆಲು, 'ದಾ' ಅಂದರೆ ಅಣ್ಣ. ಕಥೆ ಹೇಳುವವನು ಅವನ ತಮ್ಮನಂಥ ತೋಪ್ಶೆ, ಹಾಗಾಗಿ ಓದುವ ಮಕ್ಕಳಿಗೆಲ್ಲ ಆತ ಅಣ್ಣ. ಸುನೀಲ್ ಗಂಗೋಪಾಧ್ಯಾಯರ ಕಾಕಾಬಾಬು ಚಿಕ್ಕಪ್ಪ. ಸುಚಿತ್ರಾ ಭಟ್ಟಾಚಾರ್ಯರ ಮಿತಿನ್ ಮಾಶಿ, ಅಂದರೆ ಚಿಕ್ಕಮ್ಮ, ಪತ್ತೇದಾರಿಕೆಯನ್ನೇ ಕಸುಬು ಮಾಡಿಕೊಂಡವಳು. ಅಣ್ಣ, ಚಿಕ್ಕಪ್ಪ, ಚಿಕ್ಕಮ್ಮ: ಬಂಗಾಳದ ಒಂದು ಮಗು ಹುಟ್ಟುವಾಗಲೇ ಮನೆತುಂಬ ಪತ್ತೇದಾರ ನೆಂಟರು! ನಮ್ಮಲ್ಲಿ ಯಾರಾದರೂ 'ಪುರುಷೋತ್ತಮಣ್ಣ' ಅಂದದ್ದು ಕೇಳಿದ್ದೀರಾ? ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ ಅವನು ಪತ್ತೇದಾರ ಪುರುಷೋತ್ತಮ, ಅಷ್ಟೇ. ಕೋಟು ಹಾಕಿಕೊಂಡು ದೂರದಲ್ಲಿ ನಿಂತಿರುವ ಸಾಹಸಿ.

ಇದಕ್ಕೆ ಕಾರಣ ಕಥೆ ಯಾರಿಗಾಗಿ ಹುಟ್ಟಿತು ಅನ್ನುವುದರಲ್ಲಿದೆ. ರೇ ಅವರ ಅಜ್ಜ ಉಪೇಂದ್ರಕಿಶೋರ್ 1913ರಲ್ಲಿ 'ಸಂದೇಶ್' ಅನ್ನುವ ಮಕ್ಕಳ ಪತ್ರಿಕೆ ಶುರುಮಾಡಿದ್ದರು. ಅದು ನಿಂತುಹೋಗಿತ್ತು. 1961ರಲ್ಲಿ ಮೊಮ್ಮಗ ಅದನ್ನು ಮತ್ತೆ ಎಬ್ಬಿಸಿದರು. ಪತ್ರಿಕೆ ಅಂದಮೇಲೆ ಪುಟ ತುಂಬಬೇಕಲ್ಲ, ತಾವೇ ಬರೆಯತೊಡಗಿದರು. 1965ರಲ್ಲಿ ಫೆಲುದಾ ಬಂದ. ಮಕ್ಕಳಿಗೆ ಬರೆದದ್ದರಿಂದ ಅಪ್ಪ ಅಮ್ಮನೇ ಕೈಗೆ ಕೊಡುವಂಥ ಪುಸ್ತಕವಾಯಿತು. ಬರೆದವರು ದೇಶವೇ ತಲೆಬಾಗುವ ಸಿನಿಮಾ ನಿರ್ದೇಶಕರು ಬೇರೆ, ಇನ್ನು ಬೈಯುವವರು ಯಾರು?

ಬ್ಯೋಮಕೇಶನದು ಬೇರೆ ಕಥೆ. ಅವನು ದೊಡ್ಡವರ ಪತ್ತೇದಾರ, ಆಮೇಲೆ ಮದುವೆಯಾಗಿ ಸಂಸಾರ ಮಾಡಿದವನು. ನಮ್ಮಮ್ಮನಿಗೂ ಗೊತ್ತು, 1993ರಲ್ಲಿ ದೂರದರ್ಶನದ ಹಿಂದಿ ಧಾರಾವಾಹಿಯಲ್ಲಿ ರಜಿತ್ ಕಪೂರ್ ಮಾಡಿದ್ದರಲ್ಲ. ಬರೆದ ಶರದಿಂದು ಬಂದ್ಯೋಪಾಧ್ಯಾಯ ನನ್ನ ಹಾಗೆ ಹೊರನಾಡಿನವರು. ಮುಂಬೈಯಲ್ಲಿ ಸಿನಿಮಾಕ್ಕೆ ಬರೆದು ಕೊನೆಗೆ ಪುಣೆಯಲ್ಲಿ ನೆಲೆಸಿದವರು. 1932ರಲ್ಲಿ ಬ್ಯೋಮಕೇಶನನ್ನು ಶುರುಮಾಡಿ, ಹತ್ತು ಕಥೆ ಬರೆದು, 1936ಕ್ಕೆ ಸಾಕು ಅಂತ ನಿಲ್ಲಿಸಿಬಿಟ್ಟರು. ಹದಿನೈದು ವರ್ಷ ಅವನ ಸುದ್ದಿಯಿಲ್ಲ. ಒಮ್ಮೆ ಕೋಲ್ಕತ್ತಾಕ್ಕೆ ಬಂದಾಗ ಗೆಳೆಯರ ಮನೆಯ ಮಕ್ಕಳು, ಬ್ಯೋಮಕೇಶನ ಕಥೆ ಯಾಕೆ ಬರೆಯುತ್ತಿಲ್ಲ ಅಂತ ಕೇಳಿದರಂತೆ. ಇವತ್ತಿನ ಮಕ್ಕಳೂ ಓದುತ್ತಾರಾ ಅಂತ ಅವರಿಗೇ ಆಶ್ಚರ್ಯ. 1951ರಲ್ಲಿ ಮತ್ತೆ ಶುರುಮಾಡಿದರು. ಒಟ್ಟು ಮೂವತ್ತೆರಡು ಮುಗಿಸಿ, ಒಂದನ್ನು ಅರ್ಧಕ್ಕೆ ಬಿಟ್ಟು ಹೋದರು. ಹೆಚ್ಚುಪಾಲು ಕಥೆಗಳು ಹುಟ್ಟಿದ್ದು ಆ ಮಕ್ಕಳ ಒಂದು ಪ್ರಶ್ನೆಯಿಂದ.

ಈ ಸಂಗತಿ ಓದಿದ ರಾತ್ರಿ ನನಗೆ ನಮ್ಮ ಅಟ್ಟ ನೆನಪಾಯಿತು.

ತಿಪಟೂರಿನ ಹಳೇ ಮನೆಗಳಲ್ಲಿ ಕೊಬ್ಬರಿ ಆಗಲಿ ಅಂತ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಬಿಟ್ಟಿರುತ್ತಾರೆ. ಅಮ್ಮ ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಆ ಕಾಯಿ ರಾಶಿಯ ಹಿಂದೆ ಬಚ್ಚಿಡುತ್ತಿದ್ದಳು. ಬಸ್ ಸ್ಟ್ಯಾಂಡ್ ಪಕ್ಕದ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೆ ನಾಲ್ಕಾಣೆ ಬಾಡಿಗೆಗೆ ತಂದದ್ದು. ತಾತನ ಕೈಗೆ ಸಿಕ್ಕಿದರೆ ಒಂದೇ ಮಾತು: "ಕಳ್ಳರ ಕಥೆ ಓದಿ ಏನು ಪೊಲೀಸ್ ಆಗ್ತೀಯಾ?" ತಮಾಷೆ ಅಂದರೆ ತಾತ ಬಸ್ಸಿನಲ್ಲಿ ಹೋಗುವಾಗ ಅದನ್ನೇ ಓದುತ್ತಿದ್ದರು, ಅಮ್ಮನೇ ನೋಡಿದ್ದಾಳೆ.

ನರಸಿಂಹಯ್ಯ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಬರೆದದ್ದು ಐನೂರಕ್ಕೂ ಜಾಸ್ತಿ ಕಾದಂಬರಿ. ಆಗಷ್ಟೇ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದ ಎಷ್ಟೋ ಜನಕ್ಕೆ ಪುಸ್ತಕದ ರುಚಿ ಹತ್ತಿಸಿದವರು ಅವರು. ಕ್ರಿಸ್ಟಿ ಓದಿದ ಕಣ್ಣಿಗೆ ಕೊರತೆ ಕಾಣುತ್ತದೆ, ಸುಳ್ಳು ಹೇಳಲ್ಲ. ನನಗೆ ಸಿಕ್ಕ ಐದಾರರಲ್ಲಿ ಸುಳಿವು ಕಡಿಮೆ, ಬೆನ್ನಟ್ಟುವುದು, ವೇಷ ಮರೆಸುವುದು ಜಾಸ್ತಿ. ರಬ್ಬರ್ ಬ್ಯಾಂಡ್ ಆಟಕ್ಕೆ ಒಗ್ಗುವುದಿಲ್ಲ. ಆದರೆ ಒಂದು ಪುಟ ತಿರುವಿದರೆ ಇನ್ನೊಂದು ತಾನಾಗಿ ತಿರುಗುತ್ತದೆ, ಅದೇನು ಸಣ್ಣ ವಿದ್ಯೆಯಾ?

ಬಂಗಾಳಿಗಳ ಮುಂದೆ ಇದನ್ನೆಲ್ಲ ಹೇಳಿ, ನೀವು ಪುಣ್ಯವಂತರು, ಕದ್ದು ಓದುವ ಗತಿ ಬರಲಿಲ್ಲ ಅಂದೆ. ಹುಡುಗಿಯ ತಾತ ಪೇಪರ್ ಕೆಳಗಿಟ್ಟು ನಕ್ಕರು. ಅವರೂ ಕದ್ದಿದ್ದರಂತೆ! ಫೆಲುದಾನನ್ನಲ್ಲ, ಸ್ವಪನ್ ಕುಮಾರ್ ಅನ್ನುವ ಹೆಸರಿನಲ್ಲಿ ಬರುತ್ತಿದ್ದ ಅಗ್ಗದ ಪುಸ್ತಕಗಳನ್ನು. ಅದರ ಪತ್ತೇದಾರ ದೀಪಕ್ ಚಟರ್ಜಿ. ಅವನು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದು, ಇನ್ನೊಂದು ಕೈಯಲ್ಲಿ ಟಾರ್ಚ್ ಬಿಡುತ್ತಾ ಪೈಪ್ ಹತ್ತುತ್ತಿದ್ದ ಅಂತ ಇಲ್ಲಿ ಹಳೇ ಜೋಕು. ಜಾಮಿಟ್ರಿ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆ ಅಂದರು ತಾತ. ಹುಡುಗಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಅಲ್ಲಿಗೆ ನನ್ನ ವಾದ ಅರ್ಧ ಬಿದ್ದುಹೋಯಿತು. ಆದರೆ ಉಳಿದರ್ಧ ಗಟ್ಟಿಯಾಯಿತು. ಕದ್ದು ಓದಿದ್ದು ಎರಡೂ ಕಡೆ ಇದೆ. ಅವರು ಕದ್ದು ಓದಿದ್ದನ್ನು ಈಗ ಸಂಪುಟ ಮಾಡಿ ಕಪಾಟಿನಲ್ಲಿಟ್ಟಿದ್ದಾರೆ. ಆ ದೀಪಕ್ ಚಟರ್ಜಿಯ ಮೇಲೆ 2024ರಲ್ಲಿ ಸಿನಿಮಾನೂ ಬಂತು. ನಾವು ಓದಿ, ವಾಪಸ್ ಕೊಟ್ಟು, ಮರೆತೆವು. ಮ. ರಾಮಮೂರ್ತಿ ಅಂದರೆ ಹಳದಿ ಕೆಂಪು ಬಾವುಟ ನೆನಪಾಗುತ್ತದೆ, ಅವರು ಬರೆದ ಪತ್ತೇದಾರಿ ಕಾದಂಬರಿಗಳಲ್ಲ. ಟಿ.ಕೆ. ರಾಮರಾವ್ ಅಂದರೆ ಬಂಗಾರದ ಮನುಷ್ಯ, ಅವರ ಪತ್ತೇದಾರಿಗಳಲ್ಲ. ನನ್ನ ಬೆಂಗಳೂರಿನ ಗೆಳತಿಯರು ಪ್ವಾರೋನ ಮೀಸೆ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲರು. ಒಬ್ಬ ಕನ್ನಡ ಪತ್ತೇದಾರನ ಹೆಸರು ಹೇಳಿ ಅಂದರೆ ಫೋನ್ ತೆಗೆಯುತ್ತಾರೆ. ನಾನೇನು ಕಮ್ಮಿ ಇರಲಿಲ್ಲ ಬಿಡಿ. ಪುರುಷೋತ್ತಮನನ್ನು ಹುಡುಕಿಕೊಂಡು ಓದಿದ್ದು ಕೋಲ್ಕತ್ತಾಕ್ಕೆ ಬಂದಮೇಲೆ, ಇವರ ಎದುರು ಮಾನ ಉಳಿಸಿಕೊಳ್ಳೋಣ ಅಂತ.

ಹಾಗಂತ ಇವರದ್ದೆಲ್ಲ ಸರಿ ಅಂತಲ್ಲ. ಫೆಲುದಾ ಕಥೆಗಳಲ್ಲಿ ಹೆಂಗಸರು ಎಲ್ಲಿ ಅಂತ ಒಮ್ಮೆ ಕೇಳಿದೆ. ಮೀನು ಬಡಿಸುತ್ತಿದ್ದ ಕಾಕಿಮಾ ಕೈ ಅಲ್ಲೇ ನಿಂತಿತು. ದೇವರ ಪಟಕ್ಕೆ ಕೈ ತೋರಿಸಿ ಮಾತಾಡಿದ ಹಾಗಾಯಿತು. ಮನೆಯ ಅಣ್ಣನನ್ನು ಹೊರಗಿನವರು ಬೈದರೆ ಆಗುತ್ತದಲ್ಲ, ಹಾಗೆ. ಫೆಲುದಾ ಕಥೆಯೊಳಗಿನವರೇ ಇಷ್ಟು ಸೂಕ್ಷ್ಮವಿಲ್ಲ. ಫೆಲುದಾನ ಜೊತೆಗಿರುವ ಜಟಾಯು ಅನ್ನುವ ರೋಚಕ ಕಾದಂಬರಿಕಾರ ಒಂಟೆಯ ಬಗ್ಗೆ ತಪ್ಪು ಬರೆದಿದ್ದಾಗ ಫೆಲುದಾ ತಿದ್ದುತ್ತಾನೆ, ಪಾಪ ಅವನು ಮುಂದಿನ ಮುದ್ರಣದಲ್ಲಿ ಸರಿಮಾಡ್ತೀನಿ ಅಂತ ಒಪ್ಪಿಕೊಳ್ಳುತ್ತಾನೆ. ಹುಡುಗಿ ಮಾತ್ರ ನನ್ನ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ ಮಿತಿನ್ ಮಾಶಿಯ ಪುಸ್ತಕ ತಂದು ನನ್ನ ತಟ್ಟೆಯ ಪಕ್ಕ ಇಟ್ಟಳು.

ಹೋದ ದಸರಾಕ್ಕೆ ಊರಿಗೆ ಹೋದಾಗ ಅಟ್ಟ ಹತ್ತಿದೆ. ಕಾಯಿ ಈಗ ಇಲ್ಲ, ವಾಸನೆ ಇದೆ. ಮೂಲೆಯಲ್ಲಿ ಅಂಗೈ ಅಗಲದ ಒಂದು ಪತ್ತೇದಾರಿ ಪುಸ್ತಕ ಸಿಕ್ಕಿತು. ರಟ್ಟಿಲ್ಲ, ಮೊದಲ ಎಂಟು ಪುಟ ಇಲ್ಲ, ಹಾಗಾಗಿ ಹೆಸರೂ ಇಲ್ಲ, ಬರೆದವರೂ ಇಲ್ಲ. ಲೈಬ್ರರಿಯ ನೇರಳೆ ಸೀಲು ಮಾತ್ರ ಇದೆ, ಮೂವತ್ತೈದು ವರ್ಷದ ಬಾಡಿಗೆ ಬಾಕಿ. ಒಂಬತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದಿದ್ದರು: ಕೊಂದದ್ದು ತಮ್ಮ.

ಅಮ್ಮ ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದಳು. "ನಿಮ್ಮ ಮಾವಂದೇ. ಅವನು ಹೀಗೆ ಬರೆದಿಟ್ಟ ಅಂತಾನೇ ನಾನು ಈ ಪುಸ್ತಕ ಮುಂದಕ್ಕೆ ಓದಲಿಲ್ಲ."

ವಾಪಸ್ ಬರುವಾಗ ರೈಲಿನಲ್ಲಿ ಅದನ್ನು ಓದಿ ಮುಗಿಸಿದೆ. ಕೊಂದದ್ದು ತಮ್ಮ ಅಲ್ಲ.

ಹೌರಾದಲ್ಲಿ ಇಳಿದು ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ ಮಾವನಿಗೆ ಸರಿಯಾಗಿ ಬೈದಳು. "ಹಾಗಾದ್ರೆ ಯಾರೇ?" ಅಂದಳು. ಹೇಳಲ್ಲ ಅಂದೆ. ಕೊನೆಯ ಅಧ್ಯಾಯಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಪುಸ್ತಕವನ್ನು ಪೋಸ್ಟ್ ಮಾಡಿದೆ. ನಿನ್ನೆಗೆ ನಲವತ್ತನೇ ಪುಟದಲ್ಲಿದ್ದಾಳೆ. ಅಡುಗೆಯವನ ಮೇಲೆ ಅವಳಿಗೆ ಅನುಮಾನ.