ವ್ಯಾಟ್ ಎಂಬುದು ಮೇವಿನ ಲೆಕ್ಕ, ಉಳುಮೆಯದಲ್ಲ

ನಿನ್ನೆ ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ, ಧೂಳೆಳೆಯುವ ವ್ಯಾಕ್ಯೂಮ್ ಕ್ಲೀನರುಗಳ ಮುಂದೆ, ಒಂದೂವರೆ ಗಂಟೆ ನಿಂತು ಬಂದಿದ್ದೇನೆ. ಮೊಣಕಾಲಿನ ನೋವು ರಾತ್ರಿಯೇ ಇಳಿಯಿತು. ಸಿಟ್ಟು ಬೆಳಗಾದರೂ ಇಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತಾರು ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿದವನ ಎದುರಿಗೆ ಯಾರಾದರೂ ಏಕಮಾನಗಳನ್ನು ಕಲಸುಮೇಲೋಗರ ಮಾಡಿದರೆ ಅವನಿಗೆ ಆ ಹೊತ್ತಿನ ಊಟ ರುಚಿಸುವುದಿಲ್ಲ ಎಂಬುದು ನಿಮಗೆಲ್ಲ ಗೊತ್ತಿರುವ ಸಂಗತಿಯೇ.

ನಮ್ಮ ಕಾಲೇಜಿನ ಕನ್ನಡ ವಿಭಾಗದ ಮೇಡಂ (ಹೆಸರು ಬರೆಯಬೇಡಿ ಎಂದು ಮೊದಲೇ ಮಾತು ತೆಗೆದುಕೊಂಡಿದ್ದಾರೆ) ಹೋದ ವಾರ ಸ್ಟಾಫ್ ರೂಮಿನಲ್ಲಿ ಕೇಳಿದರು: "ಸರ್, ನೀವು ಫಿಸಿಕ್ಸ್‌ದವ್ರು. ಮನಿಗೆ ಒಂದು ವ್ಯಾಕ್ಯೂಮ್ ಕ್ಲೀನರ್ ತಗೋಬೇಕಾಗ್ಯದ, ಸ್ವಲ್ಪ ಜೋಡಿ ಬರ್ತೀರೇನು?" ಅವರ ಮನೆ ಹುಮನಾಬಾದ್ ರಸ್ತೆಯ ಕಡೆ, ದಾಲ್ ಮಿಲ್ಲುಗಳಿಗೆ ಹತ್ತಿರವಿದೆ. ಅತ್ತೆಯವರಿಗೆ ದಮ್ಮು, ಎರಡನೆಯ ತರಗತಿಯ ಮಗಳಿಗೆ ಬೆಳಗ್ಗೆ ಎದ್ದರೆ ಸಾಲುಸಾಲು ಸೀನು. ಮನೆಯಲ್ಲಿ ಹಾಸಿರುವುದು ಹಳೆಯ ಶಹಾಬಾದ್ ಪರಸಿ. ನೆಲ ತಂಪು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಲ್ಲು ಕಲ್ಲಿನ ನಡುವಿನ ಸಂದುಗಳಲ್ಲಿ ಗಾರೆ ಕಿತ್ತು ಹೋಗಿದ್ದು, ಅಲ್ಲಿ ವರ್ಷಗಟ್ಟಲೆಯ ಧೂಳು ಮನೆ ಮಾಡಿಕೊಂಡಿದೆ. ತೊಗರಿ ರಾಶಿಯ ದಿನಗಳಲ್ಲಿ ಕಿಟಕಿಯ ಜಾಳಿಗೆಯನ್ನು ಬೆರಳಿನಿಂದ ಒರೆಸಿದರೆ ಬೆರಳು ಹಳದಿಯಾಗುತ್ತದೆ ಎಂದರು.

ಅಂಗಡಿಗೆ ಹೋದೆವು. ಹುಡುಗ ಚುರುಕಾಗಿದ್ದ, ಮರ್ಯಾದೆಯಿಂದ ಮಾತನಾಡಿದ, ನೀರು ತಂದುಕೊಟ್ಟ. ಆದರೆ ಕೊಳ್ಳುವವರು ಅವರು, ದುಡ್ಡು ಅವರದು, ಮನೆ ಅವರದು. ಅವನು ಮಾತನಾಡಿದ್ದು ಮಾತ್ರ ಪೂರ್ತಿ ನನ್ನ ಮುಖ ನೋಡಿಕೊಂಡು. "ಕಾಕಾ, ಇದು 1200 ವ್ಯಾಟ್. ಇದು 1400. ಇದು ನೋಡ್ರಿ, 1600 ವ್ಯಾಟ್ ಅದ, ಮನ್ಯಾಗಿನ ಧೂಳ ಎಲ್ಲಾ ಎಳದು ಬಿಡ್ತದ." ಬೆಲೆಯೂ ಅದೇ ಕ್ರಮದಲ್ಲಿ ಏರುತ್ತಿತ್ತು. ಮನೆಯ ನೆಲ ಯಾವುದು, ಮೆಟ್ಟಿಲು ಇವೆಯೇ, ಯಾರಿಗಾದರೂ ಉಸಿರಾಟದ ತೊಂದರೆ ಇದೆಯೇ, ಇವುಗಳಲ್ಲಿ ಒಂದನ್ನೂ ಆತ ಕೇಳಲಿಲ್ಲ. ಅವನ ಬಾಯಿಂದ ವ್ಯಾಟ್ ಎಂಬ ಶಬ್ದ ಎಷ್ಟು ಸಲ ಬಂದಿತೆಂದು ಮೇಡಂ ಬೆರಳು ಮಡಿಸಿ ಎಣಿಸುತ್ತಿದ್ದರು. ಎರಡೂ ಕೈಯ ಬೆರಳುಗಳು ಮುಗಿದ ಮೇಲೆ ಬಿಟ್ಟುಬಿಟ್ಟರು.

ಸ್ವಾಮಿ, ವ್ಯಾಟ್ ಎಂದರೆ ಆ ಯಂತ್ರವು ಗೋಡೆಯ ಸಾಕೆಟ್ಟಿನಿಂದ ಎಷ್ಟು ವಿದ್ಯುತ್ತನ್ನು ತಿನ್ನುತ್ತದೆ ಎಂಬ ಲೆಕ್ಕ. ಎತ್ತು ಕೊಳ್ಳಲು ಸಂತೆಗೆ ಹೋದ ರೈತನಿಗೆ ದಲ್ಲಾಳಿಯು ಎತ್ತಿನ ಹಲ್ಲು ತೋರಿಸದೆ, ನಡಿಗೆ ತೋರಿಸದೆ, "ಇದು ದಿನಕ್ಕೆ ಎರಡು ಹೊರೆ ಮೇವು ತಿಂತದ, ಹಂಗಾಗಿ ಭಾರಿ ಎತ್ತು" ಎಂದರೆ ಆ ರೈತ ಏನು ಮಾಡುತ್ತಾನೆ? ತಿಂದ ಮೇವು ಉಳುಮೆಗೆ ಹೋಯಿತೋ ಬರೀ ಕೊಬ್ಬಾಯಿತೋ ಎಂದು ಕೇಳುವುದಿಲ್ಲವೇ? ಯಂತ್ರದಲ್ಲಿ ಆ ಕೊಬ್ಬು ಶಾಖವಾಗಿ, ಕಿವಿ ಹರಿಯುವ ಸದ್ದಾಗಿ ಹೊರಬರುತ್ತದೆ. ಧೂಳನ್ನು ಎಳೆಯಲು ಬೇಕಾದದ್ದು ಎರಡು: ಒಳಗಿನ ಒತ್ತಡ ಎಷ್ಟು ಇಳಿಯುತ್ತದೆ ಎಂಬುದು, ಅದು ಪಾಸ್ಕಲ್‌ನಲ್ಲಿ, ಸೆಕೆಂಡಿಗೆ ಎಷ್ಟು ಗಾಳಿ ಹರಿಯುತ್ತದೆ ಎಂಬುದು, ಅದು ಲೀಟರಿನಲ್ಲಿ. ಇವೆರಡೂ ಕೂಡಿಯೇ ಕೆಲಸ. ಡಬ್ಬಿಯ ಮೇಲೆ ವ್ಯಾಟ್ ಅಂಗೈಯಗಲದ ಅಕ್ಷರದಲ್ಲಿತ್ತು. ಪಾಸ್ಕಲನ್ನು ಹುಡುಕಲು ನಾನು ಚಷ್ಮಾ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳಬೇಕಾಯಿತು.

ನಾನು ಇದನ್ನು ಹೇಳಿದ್ದಕ್ಕೆ ಹುಡುಗ ಸೋಲಲಿಲ್ಲ. ಕೊಳವೆಯ ಬಾಯಿಯನ್ನು ತನ್ನ ಅಂಗೈಗೆ ಹಚ್ಚಿ, "ನೋಡ್ರಿ ಕಾಕಾ, ಹೆಂಗ ಹಿಡೀತದ" ಎಂದ. ಅಂಗೈ ನಿಜಕ್ಕೂ ಅಂಟಿಕೊಂಡಿತು, ಮೋಟಾರು ಕೀರಲು ಧ್ವನಿ ತೆಗೆಯಿತು, ಪಕ್ಕದಲ್ಲಿ ಮಿಕ್ಸಿ ನೋಡುತ್ತಿದ್ದ ದಂಪತಿ ಬೆರಗಾಗಿ ತಿರುಗಿದರು. ಇಂಥ ಪ್ರಯೋಗವನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ಸೊನ್ನೆ ಕೊಡುತ್ತಿದ್ದೆ. ಬಾಯಿ ಮುಚ್ಚಿದಾಗ ಒಳಗೆ ಗಾಳಿಯೇ ಹರಿಯುವುದಿಲ್ಲ, ಗಾಳಿ ಹರಿಯದಿದ್ದರೆ ಧೂಳಿನ ಒಂದು ಕಣವೂ ಚಲಿಸುವುದಿಲ್ಲ. ಇನ್ನೂ ಚೆಂದದ ಸಂಗತಿಯೆಂದರೆ, ತಳ್ಳಲು ಗಾಳಿಯೇ ಇಲ್ಲದ್ದರಿಂದ ಮೋಟಾರಿನ ಹೊರೆ ಇಳಿದು ಅದು ವೇಗವಾಗಿ ತಿರುಗುತ್ತದೆ, ಮತ್ತು ಆ ಕ್ಷಣದಲ್ಲಿ ಅದು ತಿನ್ನುವ ವ್ಯಾಟ್ ಕಡಿಮೆಯಾಗುತ್ತದೆ. ವ್ಯಾಟಿನ ಹೆಚ್ಚುಗಾರಿಕೆ ತೋರಿಸಲು ವ್ಯಾಟ್ ಇಳಿಯುವ ಘಳಿಗೆಯನ್ನೇ ಆರಿಸಿಕೊಂಡಿದ್ದ, ಪಾಪ.

ಕಸಬರಿಗೆ ಇರುವಾಗ ಈ ರಗಳೆ ಏಕೆ ಎಂದು ಕೆಲವರು ಕೇಳುತ್ತೀರಿ. ನಮ್ಮ ಮನೆಯಲ್ಲಿಯೂ ಕೇಳಿದರು. ಒಪ್ಪುತ್ತೇನೆ, ಬರಿಯ ಪರಸಿಗೆ ಒದ್ದೆ ಬಟ್ಟೆಗಿಂತ ದೊಡ್ಡ ಯಂತ್ರವಿಲ್ಲ. ಆದರೆ ಹತ್ತಿ ಗಾದಿಯನ್ನು ಒದ್ದೆ ಬಟ್ಟೆಯಿಂದ ಒರೆಸುವಿರಾ? ಕೌದಿಯನ್ನು, ಸೋಫಾದ ಸಂದನ್ನು, ಪರದೆಯನ್ನು? ಒಣ ಕಸಬರಿಗೆ ದೊಡ್ಡ ಕಸವನ್ನು ಮೂಲೆಗೆ ತಳ್ಳಿ ಸಣ್ಣ ಧೂಳನ್ನು ಮೇಲಕ್ಕೆಬ್ಬಿಸುತ್ತದೆ. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತ ನೇರವಾಗಿ ಆ ಅತ್ತೆಯವರ ಎದೆಗೆ ಇಳಿಯುತ್ತವೆ. ನಮ್ಮ ಹಿರಿಯರಿಗೆ ದಮ್ಮು ಇರಲಿಲ್ಲವೇ ಎಂದು ವಾದಿಸುವವರೊಂದಿಗೆ ನಾನು ವಾದಿಸುವುದಿಲ್ಲ. ಇತ್ತು, ಅವರು ಕೆಮ್ಮುತ್ತಲೇ ಹೋದರು.

ಮತ್ತೆ ವ್ಯಾಟಿಗೆ ಬರುತ್ತೇನೆ, ಏಕೆಂದರೆ ಹುಡುಗನೂ ಬಂದ. "ಗಿರಾಕಿ ವ್ಯಾಟೇ ಕೇಳ್ತಾರ ಕಾಕಾ, ನಾವೇನ್ ಮಾಡಬೇಕು?" ಎಂದ. ಮಾತು ಸುಳ್ಳಲ್ಲ. ಯುರೋಪ್ ಒಕ್ಕೂಟದಲ್ಲಿಯೂ ಹೀಗೆಯೇ ನಡೆದಿತ್ತು; ಕಂಪನಿಗಳು ಪೈಪೋಟಿಯ ಮೇಲೆ ವ್ಯಾಟ್ ಏರಿಸುತ್ತ ಹೋದವು, ಜನ ದೊಡ್ಡ ಅಂಕಿ ನೋಡಿ ಕೊಳ್ಳುತ್ತ ಹೋದರು. ಕೊನೆಗೆ 2014ರ ಸೆಪ್ಟೆಂಬರಿನಿಂದ 1600 ವ್ಯಾಟಿಗೆ, 2017ರ ಸೆಪ್ಟೆಂಬರಿನಿಂದ 900 ವ್ಯಾಟಿಗೆ ಅಲ್ಲಿ ಕಡಿವಾಣ ಬಿತ್ತು. ಅದರ ಜೊತೆಗೆ, ಒಳಗೆಳೆದ ಧೂಳಿನಲ್ಲಿ ಶೇಕಡ 1ಕ್ಕಿಂತ ಹೆಚ್ಚನ್ನು ಯಂತ್ರವು ಹಿಂದಿನಿಂದ ಹೊರಗೆ ಬಿಡಬಾರದೆಂದೂ ನಿಯಮವಾಯಿತು. ಅಲ್ಲಿಯ ಮನೆಗಳೇನೂ ಅಂದಿನಿಂದ ಧೂಳಿನಲ್ಲಿ ಹೂತುಹೋಗಿಲ್ಲ. 900ರೊಳಗೇ ಚೆನ್ನಾಗಿ ಎಳೆಯುವ ಯಂತ್ರಗಳನ್ನು ಮಾಡಿದರು. ಗಿರಾಕಿ ಕೇಳಿದ್ದನ್ನೇ ಕೊಡುವುದು ವ್ಯಾಪಾರವಾದರೆ, ಗಿರಾಕಿಗೆ ಆ ಶಬ್ದವನ್ನು ಕಲಿಸಿದವರಾರು? ಡಬ್ಬಿಯ ಮೇಲೆ ಅಂಗೈಯಗಲ ಬರೆದವರೇ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳದೆ ಮುಂದೆ ಹೋದರೆ ನನ್ನ ಮನೆಯಾಕೆ ಈ ಬರಹದ ಕೆಳಗೆ ತಾನೇ ಬರೆದುಬಿಡುತ್ತಾಳೆ. 2009ರಲ್ಲಿ ನಾನೂ ಒಂದು ಯಂತ್ರ ತಂದೆ. ಭೌತಶಾಸ್ತ್ರದ ಉಪನ್ಯಾಸಕ, ಸಾಮರ್ಥ್ಯದ ವ್ಯಾಖ್ಯೆಯನ್ನು ನಿದ್ದೆಯಲ್ಲೂ ಹೇಳಬಲ್ಲವನು, ಡಬ್ಬಿಯ ಮೇಲಿನ 1600 ಎಂಬ ಅಂಕಿ ನೋಡಿ ಎದೆಯುಬ್ಬಿಸಿ ಹೊತ್ತು ತಂದೆ. ಮನೆಗೆ ಬಂದು ಪ್ಲಗ್ ನೋಡಿದರೆ ಅದು ದಪ್ಪ ಕಾಲಿನದು. ಲೆಕ್ಕ ಸುಲಭ: 1600ನ್ನು 230 ವೋಲ್ಟಿನಿಂದ ಭಾಗಿಸಿದರೆ 7 ಆಂಪಿಯರ್, ಸಾಮಾನ್ಯ ಸಾಕೆಟ್ಟು 6 ಆಂಪಿಯರಿನದು. ನಮ್ಮ ಹಳೆಯ ಮನೆಯಲ್ಲಿ ದೊಡ್ಡ ಸಾಕೆಟ್ಟು ಇದ್ದದ್ದು ಬಚ್ಚಲಿನ ಗೀಜರಿನ ಬಳಿ ಒಂದೇ. ಆದ್ದರಿಂದ ಕಲಬುರಗಿಯಲ್ಲಿಯೇ ಅತ್ಯಂತ ಸ್ವಚ್ಛವಾದ ಬಚ್ಚಲು ಹಲವು ತಿಂಗಳು ನಮ್ಮದಾಗಿತ್ತು. ನಂತರ ಯಂತ್ರ ಅಟ್ಟ ಸೇರಿತು. ಅದರ ಡಬ್ಬಿಯಲ್ಲಿ ಈಗ ಕೌದಿಗಳಿವೆ.

ಈ ಅವಮಾನದ ನೆನಪಿನಿಂದಲೇ ಮೇಡಂಗೆ ಸಾಕೆಟ್ಟಿನ ವಿಷಯ ಹೇಳಲು ಬಾಯಿ ತೆರೆದೆ. ಅವರು ಚೀಲದಿಂದ ಒಂದು ಚೀಟಿ ತೆಗೆದರು. ದೊಡ್ಡ ಸಾಕೆಟ್ಟು ಫ್ರಿಜ್ಜಿನ ಬಳಿ ಇದೆಯೆಂದೂ, ಅಲ್ಲಿಂದ ಅತ್ತೆಯವರ ಮಂಚದ ಆಚೆಯ ಮೂಲೆಗೆ ಒಂದು ಸೀರೆಯ ಉದ್ದ ಮತ್ತು ಮೇಲೆ ನಾಲ್ಕು ಮೊಳವೆಂದೂ, ಇನ್ವರ್ಟರು 900 ವಿಎ (ವೋಲ್ಟ್-ಆಂಪಿಯರ್) ಎಂದೂ, ಮಹಡಿಗೆ ಹದಿನೆಂಟು ಮೆಟ್ಟಿಲೆಂದೂ ಅದರಲ್ಲಿ ಬರೆದುಕೊಂಡು ಬಂದಿದ್ದರು. ನಾಲ್ಕು ಸಂಗತಿ, ನಾಲ್ಕೂ ಅಳೆದು ತೂಗಿದವು. ಹುಡುಗನಿಗೆ ಅವರು ಕೇಳಿದ ಮೊದಲ ಪ್ರಶ್ನೆ ವೈರಿನ ಉದ್ದ ಎಷ್ಟು ಎಂಬುದು. ಅವನಿಗೆ ಗೊತ್ತಿರಲಿಲ್ಲ. ಬಿಚ್ಚಿ ಅಳೆಯಲಾಗಿ 1600 ವ್ಯಾಟಿನ ಆ ಭೀಮನ ವೈರು ಸೀರೆಯಷ್ಟೂ ಇರಲಿಲ್ಲ. ಇನ್ವರ್ಟರಿನ ಆಸೆ ಬಿಡಿ ಎಂದು ಮಾತ್ರ ನಾನು ಹೇಳಿದೆ. 900 ವಿಎಯಿಂದ ಸುಮಾರು 700 ವ್ಯಾಟ್ ಸಿಕ್ಕರೆ ಪುಣ್ಯ, ಅದರಲ್ಲಿ ಫ್ಯಾನು ದೀಪಗಳೂ ಪಾಲುದಾರರು.

ಆಮೇಲೆ ಹುಡುಗ ರೋಬೋ ತೋರಿಸಿದ. ತಾನಾಗಿಯೇ ಮನೆಯೆಲ್ಲ ತಿರುಗುವ ಆ ಚಪ್ಪಟೆ ತಟ್ಟೆ ಸುಮಾರು 2 ಸೆಂಟಿಮೀಟರ್ ಎತ್ತರ ಹತ್ತುತ್ತದೆಯಂತೆ. ನಮ್ಮ ಹಳೆಯ ಮನೆಗಳ ಹೊಸ್ತಿಲು ಎಡವಿ ಬಿದ್ದವರಿಗೆ ಅದರ ಎತ್ತರ ಗೊತ್ತು. ಗಾದಿಯ ಮೇಲೆ ಹತ್ತುವ ಪ್ರಶ್ನೆಯಂತೂ ಇಲ್ಲ.

ಸಂಜೆಯ ನಿಜವಾದ ಪ್ರಯೋಗ ಇದಾದ ಮೇಲೆ ನಡೆಯಿತು. ಎಳೆಯುವ ಬಾಯಿಯನ್ನು ಎಲ್ಲರೂ ತೋರಿಸುತ್ತಾರೆ, ಗಾಳಿ ಹೊರಬರುವ ಬೆನ್ನನ್ನು ಯಾರೂ ತೋರಿಸುವುದಿಲ್ಲ. ದಮ್ಮು ಇರುವವರ ಮನೆಗೆ ಮುಖ್ಯವಾದದ್ದು ಬೆನ್ನು. ಹೆಪಾ ಫಿಲ್ಟರ್ ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ಹಿಡಿಯುವ ಜಾಲ. ಆದರೆ ಫಿಲ್ಟರ್ ಎಷ್ಟೇ ಚೆನ್ನಾಗಿದ್ದರೂ ಸುತ್ತಲಿನ ಕವಚದಲ್ಲಿ ಸಂದಿದ್ದರೆ ಗಾಳಿ ಅಲ್ಲಿಂದ ನುಸುಳುತ್ತದೆ. ಹುಡುಗ ಜಮಖಾನೆಯ ತುಂಡಿನ ಮೇಲೆ ಪೌಡರ್ ಚೆಲ್ಲಿ ಎಳೆದು ತೋರಿಸುತ್ತಿದ್ದ. ಬೆನ್ನಿಗೆ ನನ್ನ ಕರವಸ್ತ್ರ ಹಿಡಿಯೋಣವೆಂದರೆ ಅದು ಬಿಳಿಯದು, ಪೌಡರೂ ಬಿಳಿಯದು. ನಾನು ತಡವರಿಸುತ್ತಿರುವಾಗ ಮೇಡಂ ತಮ್ಮ ಕಪ್ಪು ಛತ್ರಿಯನ್ನು ಬಿಚ್ಚಿ ಯಂತ್ರದ ಹಿಂದೆ ಹಿಡಿದರು. (ಛತ್ರಿಯಿಲ್ಲದೆ ಈ ಊರಿನಲ್ಲಿ ಯಾರು ಹೊರಡುತ್ತಾರೆ!) ಎರಡು ನಿಮಿಷದಲ್ಲಿ ಕಪ್ಪು ಬಟ್ಟೆಯ ಮೇಲೆ ಮಂಜು ಬಿದ್ದಂತೆ ಬಿಳಿಯ ಪುಡಿ ಕಾಣಿಸಿತು. 1600 ವ್ಯಾಟ್ ಒಂದು ಕೋಣೆಯ ಧೂಳನ್ನು ಎಳೆದುಕೊಂಡು ಇನ್ನಷ್ಟು ಸಣ್ಣಗೆ ಸೋಸಿ ಅದೇ ಕೋಣೆಗೆ ಹಿಂದಿರುಗಿಸುತ್ತಿತ್ತು.

ಆ ಹೊತ್ತಿಗೆ ನನಗೆ ಹ್ಯೂಬರ್ಟ್ ಸೆಸಿಲ್ ಬೂತ್ ನೆನಪಾದ. ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ಲಂಡನ್ನಿನಲ್ಲಿ ನೋಡಿದ ಆ ಇಂಜಿನಿಯರ್, ಊದುವ ಬದಲು ಎಳೆಯಬಾರದೇಕೆ ಎಂದು ಯೋಚಿಸಿ, ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ, ಅದಕ್ಕೆ ಬಾಯಿಟ್ಟು ಉಸಿರೆಳೆದು, ಬಟ್ಟೆಯ ಅಡಿಗೆ ಅಂಟಿದ ಧೂಳನ್ನು ನೋಡಿದನಂತೆ. 1901ರಲ್ಲಿ ಅವನು ಮಾಡಿದ ಯಂತ್ರ ಕುದುರೆ ಎಳೆಯುವ ಗಾಡಿಯಷ್ಟು ದೊಡ್ಡದಿದ್ದು ಬೀದಿಯಲ್ಲೇ ನಿಲ್ಲುತ್ತಿತ್ತು, ಕೊಳವೆಗಳಷ್ಟೇ ಕಿಟಕಿಯಿಂದ ಒಳಗೆ ಹೋಗುತ್ತಿದ್ದವು. ಅವನಿಗೆ ಮೊದಲು ಹೊಳೆದದ್ದು ಮೋಟಾರಲ್ಲ, ಬಟ್ಟೆ. ನೂರಿಪ್ಪತ್ತು ವರ್ಷಗಳ ನಂತರ ನಾವು ಮೋಟಾರನ್ನು ಪೂಜಿಸಿ ಬಟ್ಟೆಯನ್ನು ಮರೆತಿದ್ದೇವೆ.

ಕೊನೆಗೆ ಅವರು ಕೊಂಡದ್ದು ಅಂಗಡಿಯ ಹಿಂದಿನ ಸಾಲಿನಲ್ಲಿ ಧೂಳು ತಿನ್ನುತ್ತಿದ್ದ (ಧೂಳು ತಿನ್ನುವುದೇ ಅದರ ಕಸುಬಾದರೂ ಹೀಗಲ್ಲ) 800 ವ್ಯಾಟಿನ ಒಂದು ಯಂತ್ರ. ಸಣ್ಣ ಸಾಕೆಟ್ಟಿಗೆ ಸಾಕು, ಛತ್ರಿ ಪರೀಕ್ಷೆಯಲ್ಲಿ ಕಪ್ಪು ಕಪ್ಪಾಗಿಯೇ ಉಳಿಯಿತು, ಮೆಟ್ಟಿಲ ಮೇಲೆ ಒಂದೇ ಕೈಯಲ್ಲಿ ಎತ್ತಬಹುದು. ಪರಸಿಯ ಸಂದಿಗೆ ಚಪ್ಪಟೆ ಮೂತಿ, ಗಾದಿಗೆ ಬೇರೆ ಬ್ರಷ್ ಜೊತೆಗಿವೆ. ಚೀಲವಿಲ್ಲದ, ಡಬ್ಬಿಯಲ್ಲಿ ಧೂಳು ಸುಳಿಯುವುದು ಕಾಣುವ ಮಾದರಿ ನೋಡಲು ಚೆಂದ, ಆದರೆ ಆ ಡಬ್ಬಿಯನ್ನು ಖಾಲಿ ಮಾಡುವಾಗ ಎದ್ದ ಧೂಳು ಮತ್ತೆ ಮೂಗಿಗೇ. ಅದಕ್ಕಾಗಿ ಕಾಗದದ ಚೀಲ ತುಂಬಿದ ಮೇಲೆ ಹಾಗೆಯೇ ಎತ್ತಿ ಬಿಸಾಡುವಂಥದ್ದನ್ನು ಆರಿಸಿದೆವು. ಚೀಲಗಳು ಊರಿನಲ್ಲಿ ಸಿಗುತ್ತವೆಯೇ ಎಂದರೆ ಹುಡುಗ ಹೈದರಾಬಾದಿನಿಂದ ತರಿಸಬೇಕೆಂದ. ಮೇಡಂ ಅಲ್ಲಿಯೇ ಹತ್ತು ಚೀಲ ತರಿಸಲು ಹೇಳಿ ಮುಂಗಡ ಕೊಟ್ಟು, ರಸೀದಿ ಪಡೆದರು. ರಂಗೋಲಿ ಪುಡಿಯನ್ನೂ ಸುಣ್ಣದ ಪುಡಿಯನ್ನೂ ಎಳೆಯಬೇಡಿ, ಫಿಲ್ಟರಿನ ರಂಧ್ರ ಕಟ್ಟಿಕೊಂಡರೆ ಯಾವ ಯಂತ್ರವೂ ಉಸಿರಾಡದು ಎಂದು ನಾನು ಸೇರಿಸಿದೆ. ಏನಾದರೂ ಸೇರಿಸಬೇಕಿತ್ತಲ್ಲ, ಬಂದದ್ದಕ್ಕೆ.

ಬಿಲ್ ಬರೆಯುವಾಗ ಹುಡುಗ ನನಗೆ ಮೆಲ್ಲನೆ ಹೇಳಿದ: "ಕಾಕಾ, ಅಕ್ಕಾರಿಗೆ ಇನ್ನೊಂದ್ ಸಲ ವಿಚಾರ ಮಾಡ್ಲಿಕ್ಕ್ ಹೇಳ್ರಿ, 800 ವ್ಯಾಟ್ ಭಾಳ ಕಮ್ಮಿ ಆಯ್ತದ."

ಇಂದು ಬೆಳಗ್ಗೆ ಅಟ್ಟ ಹತ್ತಿ ನನ್ನ 2009ರ ಯಂತ್ರವನ್ನು ಇಳಿಸಿ, ಬಚ್ಚಲಿನ ಸಾಕೆಟ್ಟಿಗೇ ಸಿಕ್ಕಿಸಿ, ಅದರ ಬೆನ್ನಿಗೆ ಬಿಳಿಯ ಕರವಸ್ತ್ರ ಹಿಡಿದೆ. ಬಿದ್ದ ಕಲೆ ಎಷ್ಟು ಕಪ್ಪಗಿದೆಯೆಂದರೆ ಮನೆಯಾಕೆ ಆ ಕರವಸ್ತ್ರವನ್ನು ತೊಳೆಯಲು ಒಪ್ಪುತ್ತಿಲ್ಲ. ಯಂತ್ರವನ್ನು ಗುಜರಿಗೆ ಹಾಕಲು ಮಾತ್ರ ಅಡ್ಡಿಯಿಲ್ಲವಂತೆ, ಡಬ್ಬಿ ಇರಲಿ, ಕೌದಿಗೆ ಬೇಕು ಎಂದಿದ್ದಾಳೆ.