ಬೆರಳು ಹೇಳುವ ಲೆಕ್ಕ

ವರ್ಷಕ್ಕೊಮ್ಮೆ ಮೈಸೂರಿನ ಸರಸ್ವತಿಪುರಂ ಮನೆಗೆ ಬಂದಾಗಲೆಲ್ಲ ಹತ್ತಿರದ ಧ್ಯಾನ ತರಗತಿಯೊಂದಕ್ಕೆ ಹೋಗುತ್ತೇನೆ. ಅಲ್ಲಿ ಹೆಬ್ಬೆರಳಿನ ತುದಿಗೆ ತೋರುಬೆರಳಿನ ತುದಿ ತಾಗಿಸಿ, ಅಂಗೈಯನ್ನು ಮೇಲ್ಮುಖವಾಗಿ ಮಂಡಿಯ ಮೇಲಿಡುವ ಚಿನ್ಮುದ್ರೆಯನ್ನು ಹೇಳಿಕೊಡುತ್ತಾರೆ. ಗೋಡೆಯ ಪಟ್ಟಿಯಲ್ಲಿ ಹೆಬ್ಬೆರಳು ಅಗ್ನಿ, ತೋರುಬೆರಳು ವಾಯು ಎಂದೆಲ್ಲ ಬರೆದು, ಯಾವ ಮುದ್ರೆಗೆ ಯಾವ ರೋಗ ವಾಸಿಯಾಗುತ್ತದೆ ಎಂಬುದನ್ನೂ ಸೇರಿಸಿದ್ದಾರೆ. ಆದರೆ ಕುಳಿತ ಮೇಲೆ ಆ ಬೆರಳುಗಳ ಕಡೆಗೆ ಯಾರೂ ಗಮನ ಸೆಳೆಯುವುದಿಲ್ಲ.

ನಾನು ನೆಲೆಸಿರುವ ಜಪಾನಿನ ಯೊಕೊಹಾಮಾದಲ್ಲಿ, 1911ರಲ್ಲಿ ನೋಟೊ ಪರ್ಯಾಯದ್ವೀಪದಿಂದ ಸ್ಥಳಾಂತರಗೊಂಡ ಸೋಜಿಜಿ ಮಠವಿದೆ; ಇದು ಸೋತೋ ಝೆನ್ ಎಂಬ ಬೌದ್ಧ ಧ್ಯಾನ ಪಂಥದ ಎರಡು ಪ್ರಧಾನ ಮಠಗಳಲ್ಲೊಂದು. ಈ ಪಂಥದಲ್ಲಿ ಬಲ ಅಂಗೈಯ ಮೇಲೆ ಎಡ ಅಂಗೈಯನ್ನಿಟ್ಟು, ಎರಡು ಹೆಬ್ಬೆರಳುಗಳ ತುದಿಗಳನ್ನು ಹಗುರವಾಗಿ ತಾಗಿಸಿ, ಹೊಕ್ಕುಳಿನ ಕೆಳಗೆ ಮೊಟ್ಟೆಯಾಕಾರದ ಬಳೆಯೊಂದನ್ನು ಮಾಡಿಕೊಳ್ಳುತ್ತಾರೆ. 1227ರಲ್ಲಿ ಚೀನಾದಿಂದ ಮರಳಿ ಜಪಾನಿನಲ್ಲಿ ಈ ಪಂಥವನ್ನು ಸ್ಥಾಪಿಸಿದ ಗುರು ದೋಗೆನ್ ಬರೆದ ಧ್ಯಾನವಿಧಿಯಲ್ಲೇ ಈ ಭಂಗಿಯ ವಿವರವಿದೆ. ತೂಕಡಿಕೆ ಬಂದರೆ ಹೆಬ್ಬೆರಳುಗಳು ಕುಸಿಯುತ್ತವೆ ಅಥವಾ ಬೇರೆಯಾಗುತ್ತವೆ. ಮನಸ್ಸು ಬಿಗಿದರೆ ಒಂದನ್ನೊಂದು ಒತ್ತಿ ಮೇಲಕ್ಕೆ ಏಳುತ್ತವೆ. ಯಾರನ್ನೂ ಕೇಳಬೇಕಾಗಿಲ್ಲ, ಮಡಿಲಲ್ಲೇ ಉತ್ತರವಿರುತ್ತದೆ. ನಮ್ಮ ಕಡೆಯ ಬುದ್ಧ ಮತ್ತು ಜಿನ ಮೂರ್ತಿಗಳಲ್ಲಿ ಸಾಮಾನ್ಯವಾಗಿ ಬಲಗೈ ಮೇಲಿರುತ್ತದೆ, ಅಲ್ಲಿ ಎಡಗೈ ಮೇಲಿರುತ್ತದೆ. ಫಲವೆಲ್ಲ ಕೈ ಇಡುವ ಕ್ರಮದಲ್ಲೇ ಇದ್ದಿದ್ದರೆ ಇಬ್ಬರಲ್ಲೊಬ್ಬರು ಇಷ್ಟು ಶತಮಾನ ಸುಮ್ಮನೆ ಕುಳಿತಂತಾಗುತ್ತಿತ್ತು.

ಇದನ್ನು ಜಪಾನಿನ ಹಿರಿಮೆಯೆಂದು ಹೊಗಳಲು ನಾನು ಹೊರಟಿಲ್ಲ, ಏಕೆಂದರೆ ಇದೇ ಉಪಾಯ ನಮ್ಮ ಮನೆಯ ದೇವರ ಕೋಣೆಯಲ್ಲೂ ಇತ್ತು. ಸಂಧ್ಯಾವಂದನೆಯ ಗಾಯತ್ರಿ ಜಪಕ್ಕೆ ನಮ್ಮ ತಂದೆಯವರು ಬಲಗೈಯನ್ನು ಉತ್ತರೀಯದಿಂದ ಮುಚ್ಚಿ, ಉಂಗುರ ಬೆರಳಿನ ನಡುಗೆಣ್ಣಿನಿಂದ ಆರಂಭಿಸಿ, ಕಿರುಬೆರಳನ್ನು ಸುತ್ತಿ, ತುದಿಗಳ ಮೇಲೆ ಸಾಗಿ, ತೋರುಬೆರಳಿನ ಬುಡಕ್ಕೆ ಬಂದು 10 ಎಣಿಸುತ್ತಿದ್ದರು. ಎಳೆಯ ವಯಸ್ಸಿನಲ್ಲಿ ನನಗೆ ಲೆಕ್ಕ ತಪ್ಪಿದಾಗ, "ಮನಸ್ಸು ಸಂತೆಗೆ ಹೋಗಿತ್ತು ಕಣಪ್ಪ, ಮೊದಲಿಂದ ಶುರು ಮಾಡು," ಎನ್ನುತ್ತಿದ್ದರು. ಬೆರಳಿಗೆ ಅವರು ಕೊಟ್ಟಿದ್ದು ವೈದ್ಯನ ಕೆಲಸವಲ್ಲ, ಕಾವಲುಗಾರನ ಕೆಲಸ.

ಚಿನ್ಮುದ್ರೆಯೂ ಇದೇ ಕಾವಲನ್ನು ಕಾಯಬಲ್ಲದು ಎಂಬುದು ನನ್ನ ಅನುಭವ. ಈ ಸಲ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಕುಳಿತಾಗ, ಎರಡು ಬೆರಳುಗಳ ನಡುವೆ ಎಳೆಯ ಮೈಸೂರು ವೀಳ್ಯದೆಲೆಯೊಂದು ಇದೆಯೆಂದು ಭಾವಿಸಿಕೊಂಡೆ: ಅದು ಜಾರಿ ಬೀಳಬಾರದು, ಒತ್ತಿ ಬಾಡಲೂಬಾರದು. ಹತ್ತು ನಿಮಿಷದೊಳಗೆ ಮೂರು ಬಾರಿ ಬಿದ್ದಿತು. ಅದು ಬಿದ್ದಾಗಲೆಲ್ಲ ನಾನು ಯೊಕೊಹಾಮಾದ ಕಚೇರಿಯಲ್ಲಿದ್ದೆ!

ತರಗತಿಯ ಗುರುಗಳು ಗೋಡೆಯ ಪಟ್ಟಿಯನ್ನು ತೆಗೆಯಲೇಬೇಕೆಂದು ನಾನು ಕೇಳುವುದಿಲ್ಲ. ಕಣ್ಣು ಮುಚ್ಚಿಸಿದ ಐದು ನಿಮಿಷದ ಬಳಿಕ, "ಬೆರಳು ಇನ್ನೂ ತಾಗಿಕೊಂಡಿದೆಯೇ ನೋಡಿಕೊಳ್ಳಿ," ಎಂದು ಒಮ್ಮೆ ಮೆಲ್ಲಗೆ ಹೇಳಿದರೆ ಸಾಕು.