ಒಂದಕ್ಕೆ ಐವತ್ತು

ಊರಿಗೆ ಬಂದು ಎಂಟು ದಿನವಾಯಿತು. ಇವತ್ತು ಕೋಟು ಒಗೆಯಲು ಹಾಕೋಣ ಅಂತ ಜೇಬು ತಡಕಿದರೆ, ಅಸ್ತರಿನ ತೂತಿನೊಳಗಿಂದ ಐವತ್ತು ಸೆಂಟಿನ, ಅಂದರೆ ಅರ್ಧ ಯೂರೋದ, ನಾಣ್ಯ ಹೊರಬಂತು. ಮೈಯೆಲ್ಲ ಉರಿದುಹೋಯಿತು. ಅವತ್ತು ಬೆಲ್ಜಿಯಮ್ಮಿನ ಬ್ರಸೆಲ್ಸ್‌ನಲ್ಲಿ ಇದೇ ಜೇಬಿಗೆ ಮೂರು ಸಲ ಕೈ ಹಾಕಿದ್ದೆನಲ್ಲ, ಆಗ ಎಲ್ಲಿ ಸತ್ತಿತ್ತು ಇದು?

ಶುಗರ್ ಇರುವವರಿಗೆ ಜಾಸ್ತಿ ವಿವರಿಸಬೇಕಿಲ್ಲ. ನಾನು ಮದುವೆ ಮನೆಗೆ ಹೋದರೂ ಮೊದಲು ಕೇಳುವುದು ಬಾತ್‌ರೂಮ್ ಎಲ್ಲಿ ಅಂತ, ಹೆಣ್ಣು ಗಂಡು ಆಮೇಲೆ. ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿರುವ ಮಗ ನಮ್ಮಿಬ್ಬರನ್ನು ಬೆಳಿಗ್ಗೆ ಬಸ್ ಹತ್ತಿಸಿ, "ಬ್ರಸೆಲ್ಸ್‌ಗೆ ಒಂದು ದಿನ ಸಾಕಪ್ಪ, ಎಲ್ಲ ನಡೆದೇ ನೋಡಬಹುದು" ಅಂದ. ನಡೆಯೋದೇನೋ ಸರಿ. ನಡುನಡುವೆ ಹೋಗೋದಕ್ಕೆ ಏನು ವ್ಯವಸ್ಥೆ ಅಂತ ಹೇಳಲಿಲ್ಲ.

ವ್ಯವಸ್ಥೆ ಇದೆ, ದುಡ್ಡು ಕೊಡಬೇಕು ಅಷ್ಟೆ. ಒಂದಕ್ಕೆ ಐವತ್ತು ಸೆಂಟ್. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಐವತ್ತು ರೂಪಾಯಿ. ಮೆಜೆಸ್ಟಿಕ್‌ನಲ್ಲಿ ಐದು ರೂಪಾಯಿಗೆ ಜಗಳ ಆಡಿದವನು ನಾನು. ಚಿಲ್ಲರೆಯೆಲ್ಲ ನಮ್ಮ ಮನೆಯವಳ ಹತ್ತಿರ, ಚಿನ್ನದಂಗಡಿಯವರು ಕೊಟ್ಟ ಕೆಂಪು ಜಿಪ್ ಪರ್ಸಿನಲ್ಲಿ. ಪ್ರತಿ ಸಲವೂ ಅರ್ಜಿ ಹಾಕಬೇಕು. "ರೀ, ಈಗಷ್ಟೇ ಹೋಗಿ ಬಂದ್ರಲ್ಲ?" ಅನ್ನುವ ವಿಚಾರಣೆ ಮುಗಿದ ಮೇಲೆ ಮಂಜೂರಾತಿ.

ಗ್ರಾಂಡ್ ಪ್ಲಾಸ್ ಚೌಕವನ್ನು ನಾನು ಅರ್ಧ ಮನಸ್ಸಿನಲ್ಲಿ ನೋಡಿದೆ. ತಪ್ಪು ನನ್ನದೇ. 1695ರಲ್ಲಿ ಫ್ರೆಂಚ್ ಸೈನ್ಯ ತೋಪು ಹಾರಿಸಿ ಇಡೀ ಚೌಕವನ್ನು ಸುಟ್ಟಿತಂತೆ. ಗುರಿಯಿಟ್ಟಿದ್ದು ಪುರಭವನದ 96 ಮೀಟರ್ ಗೋಪುರಕ್ಕೆ, ಉಳಿದುಕೊಂಡಿದ್ದೂ ಅದೇ! ಆಮೇಲೆ ಬ್ರೆಡ್ಡಿನವರು, ಬಿಯರಿನವರು, ಮಾಂಸದವರು ತಮ್ಮ ತಮ್ಮ ಸಂಘದ ಮನೆಗಳನ್ನು ಮತ್ತೆ ಕಟ್ಟಿಕೊಂಡರು. ಚಿನ್ನದ ಗೀರು ಹೊಡೆದ ಆ ಮುಂಭಾಗಗಳನ್ನು ತಲೆಯೆತ್ತಿ ನೋಡುತ್ತಾ ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಿದ್ದೆ.

ಅಲ್ಲಿಂದ ಐದು ನಿಮಿಷ ನಡೆದರೆ ಆ ಊರಿನ ಇಷ್ಟದೈವ, ಮಾನೆಕೆನ್ ಪಿಸ್. ಉಚ್ಚೆ ಹೊಯ್ಯುವ ಹುಡುಗ. 1619ರ ಕಂಚಿನ ಮೂರ್ತಿ, ಬೀದಿಯಲ್ಲಿರುವುದು ನಕಲು, ಅಸಲಿ ಮ್ಯೂಸಿಯಮ್ಮಿನಲ್ಲಿದೆ. ಎತ್ತರ ಐವತ್ತೈದು ಸೆಂಟಿಮೀಟರ್ ಚಿಲ್ಲರೆ, ನಮ್ಮನೆ ಕುಕ್ಕರಿನ ಮೇಲೆ ಇನ್ನೊಂದು ಕುಕ್ಕರ್ ಇಟ್ಟಷ್ಟು. ಆದರೆ ಭೋಗ ನೋಡಿ! ಸಾವಿರಕ್ಕೂ ಹೆಚ್ಚು ಜೊತೆ ಬಟ್ಟೆ. 1747ರಲ್ಲಿ ಫ್ರೆಂಚ್ ಸೈನಿಕರು ಕದ್ದರು ಅಂತ ಅವರ ರಾಜ ಹದಿನೈದನೇ ಲೂಯಿ ಜರತಾರಿ ಉಡುಪು ಕೊಟ್ಟು ಸಮಾಧಾನ ಮಾಡಿದ. ಈ ಹುಡುಗನ ನೀರು ದಿನಕ್ಕೆ ಸಾವಿರಾರು ಲೀಟರ್ ಸೀದಾ ಚರಂಡಿಗೆ ಹೋಗುತ್ತಿತ್ತು ಅಂತ ಕೆಲವು ವರ್ಷಗಳ ಹಿಂದಷ್ಟೇ ಗೊತ್ತಾಗಿ, ಈಗ ಅದೇ ನೀರನ್ನು ತಿರುಗಿಸುತ್ತಿದ್ದಾರೆ. ಸಾಲದು ಅಂತ ಅದೇ ಊರಿನ ಬೇರೆ ಬೀದಿಗಳಲ್ಲಿ ಇದೇ ಕೆಲಸ ಮಾಡುವ ಒಂದು ಹುಡುಗಿ, ಒಂದು ನಾಯಿ ಬೇರೆ. ನಾಯಿಯೂ ಪುಕ್ಕಟೆ! ದುಡ್ಡು ಕೊಡಬೇಕಾದವನು ನಾನೊಬ್ಬ.

ಜನ ಫೋನ್ ಎತ್ತಿ ಅವನ ವಿಡಿಯೋ ಮಾಡುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ಆ ಸದ್ದೊಂದೇ. ಸುರ್ರ್... ನಿಲ್ಲಿಸೋ ಮಾರಾಯ ಅಂದರೆ ಕೇಳುತ್ತಾನಾ? ತಿರುಗಿ ನೋಡಿದರೆ ಮನೆಯವಳು ದೂರದಲ್ಲಿ ವಾಫಲ್ ಅಂಗಡಿಯ ಸಾಲಿನಲ್ಲಿ. ಇನ್ನು ಅರ್ಜಿ ಹಾಕುವಷ್ಟು ವ್ಯವಧಾನವಿರಲಿಲ್ಲ. ಸಿಕ್ಕಿದ ಕೆಫೆಗೆ ನುಗ್ಗಿ, ಮೆಟ್ಟಿಲಿಳಿದು ನೆಲಮಾಳಿಗೆಗೆ ಓಡಿದೆ.

ಹೊರಗೆ ಬಂದಾಗ ಮೇಜಿನ ಹಿಂದೆ ಒಬ್ಬ ಅಜ್ಜಿ, ಮುಂದೆ ಒಂದು ಸಾಸರ್. ಟಾಯ್ಲೆಟ್ ನೋಡಿಕೊಂಡು ಚಿಲ್ಲರೆ ಇಸಕೊಳ್ಳುವ ಇವರನ್ನು ಅಲ್ಲಿ 'ಮದಾಮ್ ಪಿಪಿ', ಅಂದರೆ ಉಚ್ಚೆ ಮೇಡಂ, ಅಂತಲೇ ಕರೆಯುತ್ತಾರೆ. ನನ್ನ ಹತ್ತಿರ ಇದ್ದದ್ದು ಐವತ್ತು ಯೂರೋದ ನೋಟು. ತೋರಿಸಿದೆ. ಆಕೆ ನೋಟು ನೋಡಿದಳು, ನನ್ನನ್ನು ನೋಡಿದಳು, ತಲೆಯಾಡಿಸಿದಳು. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತು "ಚಿಲ್ಲರೆ ಕೊಡ್ರೀ" ಅಂತ ಮೂವತ್ತು ವರ್ಷ ಜನರನ್ನು ಗದರಿದ ಪಾಪ, ಬ್ರಸೆಲ್ಸಿನ ನೆಲಮಾಳಿಗೆಯಲ್ಲಿ ಸುತ್ತಿ ಬಂತು. ಫೋನಿಗೆ ಸಿಗ್ನಲ್ ಇಲ್ಲ. ಬಿಟ್ಟು ಹೋಗಲು ಮರ್ಯಾದೆ ಬಿಡದು. ಮೇಜಿನ ಪಕ್ಕ ನಿಂತು, ಅಂಗೈ ಚಾಚಿ, "ವೈಫ್... ಮೇಲೆ... ಕಾಯಿನ್" ಅಂತ ಅಭಿನಯಿಸುತ್ತಿದ್ದೆ. ಆಗ ಒಳಗಿನಿಂದ ಬ್ಯಾಗ್ ಹೊತ್ತ ಒಬ್ಬ ಹುಡುಗ ಬಂದ. ಚಾಚಿದ ನನ್ನ ಅಂಗೈಯಲ್ಲಿ ಐವತ್ತು ಸೆಂಟ್ ಇಟ್ಟು, "ಮೆರ್ಸಿ" (ಥ್ಯಾಂಕ್ಸ್) ಅಂದು ಮೆಟ್ಟಿಲು ಹತ್ತಿದ. ಅವನ ಹಿಂದೆಯೇ ಇನ್ನೊಬ್ಬ, ಇನ್ನೊಂದು ಐವತ್ತು.

ಅಜ್ಜಿ ಸಾಸರನ್ನು ನನ್ನ ಕಡೆ ತಳ್ಳಿದಳು. ನಾನು ಎರಡನ್ನೂ ಹಾಕಿದೆ. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ಹೋಗು ಅಂತ ಕೈ ಬೀಸಿದಳು. ಅಷ್ಟೊತ್ತಿಗೆ ಮೆಟ್ಟಿಲ ಮೇಲೆ ನಮ್ಮವಳು, ಒಂದು ಕೈಯಲ್ಲಿ ವಾಫಲ್, ಇನ್ನೊಂದರಲ್ಲಿ ಕೆಂಪು ಪರ್ಸ್. ಎಲ್ಲ ನೋಡಿಬಿಟ್ಟಿದ್ದಳು.

ಬೆಂಚಿನ ಮೇಲೆ ಕೂತು ವಾಫಲ್ ತಿನ್ನುವಾಗ ನಾನು ಗೊಣಗಿದೆ. ನಮ್ಮ ಕಾಲದಲ್ಲಿ ಶಿರಾಡಿ ಘಾಟಿಯಲ್ಲಿ ಡ್ರೈವರ್ ಬಸ್ ನಿಲ್ಲಿಸಿದರೆ ಇಳಿದು ಮರದ ಬುಡಕ್ಕೆ ಹೋಗಿ ಬರುತ್ತಿದ್ದೆವು, ಐವತ್ತೂ ಇಲ್ಲ, ನೂರೂ ಇಲ್ಲ. ಅವಳು ಬೆರಳಿನ ಸಕ್ಕರೆ ಒರೆಸಿಕೊಳ್ಳುತ್ತಾ, "ನೀವು ಇಳೀತಿದ್ರಿ. ನಾನು ತವರಿಗೆ ಹೋಗೋವಾಗ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದೇ ಬಿಡ್ತಿದ್ದೆ" ಅಂದಳು. ಮೂವತ್ತೈದು ವರ್ಷದಲ್ಲಿ ಅವಳು ಇದನ್ನು ಹೇಳಿದ್ದು ಇದೇ ಮೊದಲು. ನಾನು ಕೇಳಿಯೂ ಇರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ತಿಂದೆವು. ಆಮೇಲೆ ಅವಳೇ ಎದ್ದು, "ಬನ್ನಿ, ನಾನೂ ಹೋಗ್ಬೇಕು" ಅಂತ ಪರ್ಸಿನ ಜಿಪ್ ಎಳೆದಳು.

ರಾತ್ರಿ ಬಸ್ ಸ್ಟಾಪಿಗೆ ಬಂದ ಮಗ, ಹೇಗಿತ್ತಮ್ಮಾ ಅಂದ.

"ಊರು ಚೆನ್ನಾಗಿದೆ ಕಣೋ. ನಿಮ್ಮಪ್ಪಂಗೆ ಅಲ್ಲೇ ಕೆಲಸ ಸಿಕ್ಕಿತ್ತು. ನಾನೇ ಬಿಡಿಸ್ಕೊಂಡು ಬಂದೆ."